ವೃತ್ತಿ ರಂಗಭೂಮಿಯ ಕಲಾವಿದೆಗೊಂದು ನೆನಪಿನ ಮನೆ: ದಾಖಲೆ, ಪ್ರದರ್ಶನ, ಪ್ರಯೋಗ – ಹಂತ ಹಂತವಾಗಿ

ಆರ್. ನಾಗರತ್ನಮ್ಮ 1926ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬಡತನದ ಮನೆ, ಚಿಕ್ಕ ವಯಸ್ಸಿನಲ್ಲೇ ನಾಟಕ ಕಂಪನಿಯ ದಾರಿ. 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಮಂಡಳಿಯ ನಟವರ್ಗವೆಲ್ಲ ಹೆಂಗಸರೇ. ಗಂಡಸರು ಸೀರೆಯುಟ್ಟು ದ್ರೌಪದಿ, ದಮಯಂತಿಯರಾಗಿ ನಿಲ್ಲುತ್ತಿದ್ದುದು ಜನರ ನೆನಪಿನಿಂದ ಇನ್ನೂ ಮಾಸದಿದ್ದ ಕಾಲದಲ್ಲಿ ಇವರು ಗದೆ ಹೊತ್ತು ಭೀಮನಾದರು, ಕಂಸನಾದರು, ರಾವಣನಾದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ಹೋಗಿಬಿಟ್ಟರು.

ಇಂಥವರ ಶತಮಾನೋತ್ಸವವೋ ಪುಣ್ಯತಿಥಿಯೋ ಬಂದಾಗ ನಮ್ಮ ಊರುಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ವೇದಿಕೆ, ದೀಪ, ಐದಾರು ಭಾಷಣ, ಶಾಲು, ಹಾರ, ಕೊನೆಗೆ ಎರಡು ರಂಗಗೀತೆ. ಮರುದಿನ ಉಳಿಯುವುದು ಮಡಿಸಿಟ್ಟ ಬ್ಯಾನರ್ ಮಾತ್ರ. ಭೀಮನ ಪಾತ್ರ ಮಾಡುವಾಗ ಆಕೆ ಹೆಜ್ಜೆ ಹೇಗೆ ಊರುತ್ತಿದ್ದರು, ಮೀಸೆ ಯಾವುದರಿಂದ ಅಂಟಿಸುತ್ತಿದ್ದರು, ಕಂದಪದ್ಯವನ್ನು ಯಾವ ಶ್ರುತಿಯಲ್ಲಿ ಎತ್ತುತ್ತಿದ್ದರು ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಈ ಮಾರ್ಗದರ್ಶಿಯನ್ನು ಅದಕ್ಕೆಂದೇ ಬರೆದಿದ್ದೇನೆ. ನಾಗರತ್ನಮ್ಮನವರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಗುಬ್ಬಿ ಕಂಪನಿಯ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ, ಬಳ್ಳಾರಿಯ ಸುಭದ್ರಮ್ಮ ಮನ್ಸೂರ್, ದಾವಣಗೆರೆಯ ಚಿಂದೋಡಿ ಲೀಲಾ, ನಿಮ್ಮ ತಾಲೂಕಿನಲ್ಲಿ ಹೆಸರೇ ಮರೆತುಹೋದ ಮತ್ತೊಬ್ಬ ಕಲಾವಿದೆ, ಯಾರಿಗೇ ಆದರೂ ದಾರಿ ಇದೇ. ಕೈಯಲ್ಲಿ ಒಂದು ವರ್ಷ ಇದ್ದರೆ ನೆಮ್ಮದಿಯಾಗಿ ಮಾಡಬಹುದು. ಆರೇ ತಿಂಗಳಿದ್ದರೆ ವಸ್ತುಪ್ರದರ್ಶನವನ್ನು ಚಿಕ್ಕದು ಮಾಡಿ. ಮೊದಲ ಎರಡು ಹಂತಗಳನ್ನು ಮಾತ್ರ ಮೊಟಕು ಮಾಡಬೇಡಿ.

1. ಮೊದಲು ಜನ, ಆಮೇಲೆ ಕಾಗದ

ಕಂಪನಿ ನಾಟಕದ ಕಾಗದಪತ್ರಗಳಲ್ಲಿ ಮಾಲೀಕರ ಹೆಸರು ಸಿಗುತ್ತದೆ, ನಾಟಕ ಬರೆದವರ ಹೆಸರು ಸಿಗುತ್ತದೆ. ನಟಿಯ ಕಲೆ ಇದ್ದದ್ದು ಅವಳ ಮೈಯಲ್ಲಿ, ದನಿಯಲ್ಲಿ. ಅವಳು ಇಲ್ಲವಾದ ಮೇಲೆ ಅದರ ಗುರುತು ಉಳಿಯುವುದು ಜೊತೆಗಿದ್ದವರಲ್ಲಿ. ಅವರೆಲ್ಲ ಈಗ ಎಪ್ಪತ್ತು, ಎಂಬತ್ತು ದಾಟಿದವರು. ಫೋಟೋ ಇನ್ನೊಂದು ವರ್ಷ ಟ್ರಂಕಿನಲ್ಲಿ ಕಾಯಬಹುದು, ಇವರು ಕಾಯಲಾರರು.

ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಜೊತೆ ನಟಿಯರು, ಹಾರ್ಮೋನಿಯಂ ಮೇಷ್ಟ್ರು, ತಬಲಾದವರು, ಬಣ್ಣ ಹಚ್ಚುತ್ತಿದ್ದವರು, ವೇಷಭೂಷಣ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯವರು, ಪರದೆ ಬರೆದವರು, ಊರೂರಿಗೆ ನಾಟಕ ಕರೆಸುತ್ತಿದ್ದ ಕಂಟ್ರಾಕ್ಟರು, ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು, ಮನೆಯವರು, ಮೊದಲ ಸಾಲಿನಲ್ಲಿ ಕೂತು 'ಒನ್ಸ್ ಮೋರ್' ಕೂಗುತ್ತಿದ್ದ ಅಭಿಮಾನಿಗಳು. ಹೆಸರಿನ ಮುಂದೆ ವಯಸ್ಸು ಬರೆಯಿರಿ. ಹಿರಿಯರಿಂದ ಶುರುಮಾಡಿ, ಹುದ್ದೆ ಪದವಿ ನೋಡಬೇಡಿ. ಅಕಾಡೆಮಿಯ ಮಾಜಿ ಅಧ್ಯಕ್ಷರಿಗಿಂತ ಬಣ್ಣದ ಪೆಟ್ಟಿಗೆ ಹೊರುತ್ತಿದ್ದವರ ನೆನಪೇ ಎಷ್ಟೋ ಸಲ ಹೆಚ್ಚು ನಿಖರ.

ಮೊದಲ ಭೇಟಿಗೆ ಕ್ಯಾಮೆರಾ ಬೇಡ. ಹೋಗಿ, ಕೂತು, ಕಾಫಿ ಕುಡಿದು ಬನ್ನಿ. ನಾಟಕದ ಹೆಣ್ಣುಮಗಳೆಂದು ಸಮಾಜ ಆಡಿದ ಮಾತುಗಳ ನೋವು ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ. ಮಕ್ಕಳು, ಮೊಮ್ಮಕ್ಕಳು ಅದನ್ನು ಬಿಚ್ಚಿಡಲು ಹಿಂಜರಿಯುತ್ತಾರೆ, ಸಹಜ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ನಿರ್ಧಾರ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

2. ಮಾತು ದಾಖಲಿಸುವುದು

ದೊಡ್ಡ ಸಲಕರಣೆ ಬೇಕಿಲ್ಲ. ಒಳ್ಳೆಯ ಕಾಲರ್ ಮೈಕ್ ಹಾಕಿದ ಫೋನು ಸಾಕು. ಜೊತೆಗೆ ಇನ್ನೊಂದು ಫೋನಿನಲ್ಲೂ ಧ್ವನಿ ಓಡುತ್ತಿರಲಿ, ಒಂದು ಕೈಕೊಟ್ಟರೆ ಮತ್ತೊಂದು ಇರುತ್ತದೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಜ್, 24 ಬಿಟ್ ಆರಿಸಿಕೊಳ್ಳಿ. ಫ್ಯಾನ್ ನಿಲ್ಲಿಸಿ, ಫ್ರಿಜ್ ಇರುವ ಕೋಣೆಯಲ್ಲಿ ಕೂರಬೇಡಿ. ಶುರುವಿನಲ್ಲೇ ತಾರೀಖು, ಊರು, ಮಾತಾಡುವವರ ಹೆಸರು ಹೇಳಿಬಿಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ, ಅವರ 'ಹೂಂ' ಕೂಡ ರೆಕಾರ್ಡ್ ಆಗಲಿ. ಒಂದೂವರೆ ಗಂಟೆ ದಾಟಿದರೆ ನಿಲ್ಲಿಸಿ, ಇನ್ನೊಂದು ದಿನ ಹೋಗಿ. ದಿನದ ಗೌರವಧನವನ್ನು ಲಕೋಟೆಯಲ್ಲಿಟ್ಟು ಹೊರಡುವ ಮುಂಚೆಯೇ ಕೊಡಿ.

ಪ್ರಶ್ನೆಯ ವಿಷಯ ಇದೆಲ್ಲಕ್ಕಿಂತ ಮುಖ್ಯ. 'ಅಮ್ಮನವರ ಬಗ್ಗೆ ಎರಡು ಮಾತು ಹೇಳಿ' ಎಂದರೆ 'ಮಹಾನ್ ಕಲಾವಿದೆ, ಸರಸ್ವತಿಯ ವರಪುತ್ರಿ' ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಸಭೆಯ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಅಷ್ಟೆ. ಕೈಗೆ ಸಿಗುವ ವಸ್ತುವಿನ ಬಗ್ಗೆ ಕೇಳಿ. ಗದೆ ಯಾವುದರಲ್ಲಿ ಮಾಡಿದ್ದರು, ಎಷ್ಟು ಭಾರ ಇತ್ತು? ಭೀಮನ ಎದೆ ಅಗಲ ಕಾಣಲು ಒಳಗೆ ಏನು ಕಟ್ಟುತ್ತಿದ್ದರು? ಮೀಸೆ ತೆಗೆಯುವಾಗ ಉರಿ ಆಗುತ್ತಿತ್ತಾ? ಬಣ್ಣ ಬಳಿಯಲು ಎಷ್ಟು ಹೊತ್ತು? ರಾತ್ರಿ ನಾಟಕ ಮುಗಿದ ಮೇಲೆ ಊಟ ಏನು, ಮಲಗುತ್ತಿದ್ದದ್ದು ಎಲ್ಲಿ? ಕೈಗೂಸನ್ನು ವಿಂಗಿನಲ್ಲಿ ಯಾರು ಎತ್ತಿಕೊಳ್ಳುತ್ತಿದ್ದರು? ಸಂಬಳ ತಿಂಗಳಿಗೋ ನಾಟಕಕ್ಕೋ? ಇಂಥ ಪ್ರಶ್ನೆ ಬಿದ್ದ ಕೂಡಲೇ ಮುಖ ಬದಲಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ.

ನಾನು ಒಬ್ಬ ಹಾರ್ಮೋನಿಯಂ ಮೇಷ್ಟ್ರ ಮನೆಗೆ ಮೂರು ಸಲ ಹೋಗಿದ್ದೆ. 'ಎಲ್ಲಾ ಮರ್ತೋಯ್ತಪ್ಪ, ವಯಸ್ಸಾಯ್ತು' ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನಾಲ್ಕನೇ ಸಲ ಪಕ್ಕದ ಭಜನೆ ಮಂದಿರದಿಂದ ಒಂದು ಹಾರ್ಮೋನಿಯಂ ಕೇಳಿ ತಂದು, ಮಾತಿಲ್ಲದೆ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ಹಾಗೇ ನೋಡಿದರು. ಎಡಗೈ ತಿದಿಯ ಮೇಲೆ ಹೋಯಿತು. ಬಲಗೈ ಮೊದಲು ತಪ್ಪು ಮನೆ (ಕೀ) ಹಿಡಿಯಿತು, ಸರಿದು ಇನ್ನೊಂದು ಮನೆಗೆ ಬಂತು. 'ಆಯಮ್ಮ ಇಲ್ಲಿ ಎತ್ಕೊಳೋರು. ಗಂಡು ಪಾತ್ರ ಅಂತ ಶ್ರುತಿ ಇಳಿಸ್ತಿರ್ಲಿಲ್ಲ' ಎಂದರು. ಆಮೇಲೆ ನಲವತ್ತು ನಿಮಿಷ ನಿಲ್ಲಿಸಲಿಲ್ಲ. ಮರೆತದ್ದು ತಲೆ, ಬೆರಳು ಮರೆತಿರಲಿಲ್ಲ. ಅಂದಿನಿಂದ ನಾನು ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಬಣ್ಣದವರ ಮುಂದೆ ಬಣ್ಣ, ಕನ್ನಡಿ ಇಡಿ. ನಟಿಯರ ಮುಂದೆ ಕೋಲೊಂದನ್ನಾದರೂ ಇಡಿ, ಅದೇ ಗದೆಯಾಗುತ್ತದೆ.

3. ಫೋಟೋ, ಕರಪತ್ರ, ನಾಟಕದ ಪುಸ್ತಕ

ಹಳೆಯ ಆಲ್ಬಮ್ಮನ್ನು ಯಾರ ಮನೆಯಿಂದಲೂ ಹೊರಗೆ ಒಯ್ಯಬೇಡಿ. ಒಬ್ಬ ಹಿರಿಯ ನಟಿ ನನ್ನೆದುರು ಖಾಲಿ ಟ್ರಂಕು ತೆರೆದು ತೋರಿಸಿದ್ದರು. 'ಸ್ಮರಣ ಸಂಚಿಕೆಗೆ ಬೇಕು, ವಾರದಲ್ಲಿ ಕೊಡ್ತೀವಿ ಅಂತ ತಗೊಂಡು ಹೋದ್ರಪ್ಪ' ಎಂದರು. ಒಯ್ದವರದೇ ಪತ್ತೆ ಇಲ್ಲ, ಫೋಟೋ ಎಲ್ಲಿಂದ ಬರಬೇಕು? ಇಂಥದ್ದು ಒಂದು ಮನೆಯ ಕಥೆಯಲ್ಲ. ಆದ್ದರಿಂದ ಸ್ಕ್ಯಾನರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಹಜಾರದಲ್ಲೇ, ಅವರ ಕಣ್ಣೆದುರೇ ಮಾಡಿ ಮುಗಿಸಿ.

ಫೋಟೋಗಳಿಗೆ 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬುದರ ಅಳತೆ), ಟಿಫ್ ಫೈಲ್. ಕರಪತ್ರ, ಪತ್ರ, ಲೆಕ್ಕದ ಪುಸ್ತಕಕ್ಕೆ 400 ಸಾಕು. ನೆಗೆಟಿವ್ ಸಿಕ್ಕರೆ 2400ಕ್ಕಿಂತ ಕಡಿಮೆ ಬೇಡ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಸೀಲು, ಪೆನ್ಸಿಲ್ಲಿನಲ್ಲಿ ಬರೆದ ಊರಿನ ಹೆಸರು ಇರುವುದು ಅಲ್ಲೇ. ಆಲ್ಬಮ್ಮಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ಪುಟ ಸಮೇತ ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಫೆವಿಕಾಲ್, ಸೆಲ್ಲೋಟೇಪ್, ಲ್ಯಾಮಿನೇಷನ್ ಈ ಮೂರೂ ಹಳೆ ಕಾಗದಕ್ಕೆ ಶತ್ರು. ಲ್ಯಾಮಿನೇಷನ್ನಂತೂ ಒಮ್ಮೆ ಮಾಡಿದರೆ ಮುಗಿಯಿತು, ಬಿಡಿಸಲು ಬರುವುದಿಲ್ಲ. ಬಿಳಿ ಮಲ್ಲು ಬಟ್ಟೆಯನ್ನು ಒಗೆದು ಒಣಗಿಸಿ, ಅದರಲ್ಲಿ ಜರಿ ವೇಷಗಳನ್ನು ಸುತ್ತಿಡಿ. ಮಡಿಕೆಯ ಗೆರೆಯಲ್ಲೇ ಬಟ್ಟೆ ಹರಿಯುವುದರಿಂದ ಆಗಾಗ ಮಡಿಕೆ ಬದಲಿಸಿ.

ಫೈಲಿಗೆ ಹೆಸರಿಡುವಾಗ ಸರಳವಾಗಿರಿ: ಯಾರ ಸಂಗ್ರಹ, ಸ್ಕ್ಯಾನ್ ಮಾಡಿದ ತಾರೀಖು, ಕ್ರಮಸಂಖ್ಯೆ. ಉಳಿದದ್ದೆಲ್ಲ ಎಕ್ಸೆಲ್ ಪಟ್ಟಿಯಲ್ಲಿರಲಿ: ಚಿತ್ರದಲ್ಲಿ ಯಾರು, ಯಾವ ನಾಟಕ, ಯಾವ ಊರು, ಯಾರು ಗುರುತಿಸಿದರು. ಕೊನೆಯ ಕಾಲಂ ಬಿಡಲೇಬೇಡಿ. ಇಬ್ಬರು ಎರಡು ಹೆಸರು ಹೇಳಿದಾಗ ಅದೇ ಆಸರೆ.

ಕರಪತ್ರದ ಕಾಲ ಹಿಡಿಯುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕಂಪನಿಗಳ ಕರಪತ್ರಗಳಲ್ಲಿ ಬಹಳ ಸಲ ವಾರ, ತಾರೀಖು ಇರುತ್ತದೆ, ಇಸವಿ ಇರುವುದಿಲ್ಲ. ಆ ವಾರ ನಾಟಕ ನೋಡಲು ಬರುವವರಿಗೆ ಇಸವಿ ಯಾಕೆ ಬೇಕು? 'ಶನಿವಾರ, ತಾ. 14-3' ಎಂದಷ್ಟೇ ಅಚ್ಚಾದ ಸ್ತ್ರೀ ನಾಟಕ ಮಂಡಳಿಯ ಹಾಳೆಯೊಂದು ಸಿಕ್ಕಿತು ಎಂದುಕೊಳ್ಳಿ. 1950ರಿಂದ 1980ರೊಳಗೆ ಮಾರ್ಚ್ 14 ಶನಿವಾರ ಬಿದ್ದದ್ದು 1953, 1959, 1964, 1970ರಲ್ಲಿ. ಮಂಡಳಿ ಹುಟ್ಟಿದ್ದೇ 1958ರಲ್ಲಿ, ಹಾಗಾಗಿ 1953 ಬಿಟ್ಟುಹೋಯಿತು. ಟಿಕೆಟ್ ದರ 'ನಯಾ ಪೈಸೆ'ಯಲ್ಲಿ ಇದೆಯೇ ನೋಡಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, 'ನಯಾ' ಬಿದ್ದುಹೋದದ್ದು 1964ರ ಜೂನ್ 1ಕ್ಕೆ. ಹಾಗಿದ್ದರೆ 1970 ಕೂಡ ಹೋಯಿತು. ಉಳಿದದ್ದು ಎರಡು ವರ್ಷ. ಮೂಲೆಯಲ್ಲಿ ಸಂವತ್ಸರದ ಹೆಸರಿದ್ದರೆ ಪಂಚಾಂಗ ತೆಗೆಯಿರಿ. 1958ರ ಯುಗಾದಿಗೆ ಬಂದ ವಿಳಂಬಿ 1959ರ ಯುಗಾದಿಯವರೆಗೂ ಇತ್ತು, ಮತ್ತೆ ಬಂದದ್ದು 2018ರಲ್ಲಿ. ಹಾಳೆಯಲ್ಲಿ 'ವಿಳಂಬಿ' ಎಂದಿದ್ದರೆ 1959 ಖಚಿತ. 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಹಿಂದಿನದು ಎಂಬುದು ಇನ್ನೊಂದು ಸುಳಿವು.

ಕ್ಯಾಸೆಟ್ಟುಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಬಲ್ಲವರಿಗೆ ಒಪ್ಪಿಸಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಗೊರಗೊರ ಸದ್ದನ್ನು ತೆಗೆದ ಪ್ರತಿ ಬೇರೆ ಇರಲಿ, ಮೂಲ ಪ್ರತಿಯನ್ನು ಮುಟ್ಟಬೇಡಿ.

ದೆಹಲಿಯ ಸಂಗೀತ ನಾಟಕ ಅಕಾಡೆಮಿ, ಆಕಾಶವಾಣಿಯ ಬೆಂಗಳೂರು ಮತ್ತು ಮೈಸೂರು ಕೇಂದ್ರಗಳು, ಬೆಂಗಳೂರಿನ ದೂರದರ್ಶನ, ಕರ್ನಾಟಕ ನಾಟಕ ಅಕಾಡೆಮಿ, ರಾಜ್ಯ ಪತ್ರಾಗಾರ, ಮೈಸೂರಿನ ರಂಗಾಯಣ, ಇವುಗಳಿಗೆಲ್ಲ ಮೊದಲ ತಿಂಗಳಲ್ಲೇ ಪತ್ರ ಬರೆಯಿರಿ. ಕಲಾವಿದೆಯ ಹೆಸರಿನ ಜೊತೆಗೆ ನಾಟಕಗಳ ಹೆಸರು, ಕಂಪನಿಯ ಹೆಸರು, ಅಂದಾಜು ವರ್ಷ ಕೊಡಿ. ಎಷ್ಟೋ ಧ್ವನಿಮುದ್ರಿಕೆಗಳು ನಾಟಕದ ಹೆಸರಿನಲ್ಲಿ ಮಾತ್ರ ಪಟ್ಟಿಯಾಗಿರುತ್ತವೆ, ನಟಿಯ ಹೆಸರು ಹುಡುಕಿದರೆ ಸಿಗುವುದಿಲ್ಲ.

4. ಹಕ್ಕು, ಒಪ್ಪಿಗೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಾಟಕ, ಹಾಡಿನ ಸಾಹಿತ್ಯಕ್ಕೆ ಬರೆದವರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ. ಧ್ವನಿಮುದ್ರಣಕ್ಕೆ ಪ್ರಕಟವಾದಂದಿನಿಂದ 60 ವರ್ಷ. ನಟ, ನಟಿ, ಗಾಯಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಪ್ರತ್ಯೇಕ ಹಕ್ಕಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಹಿಂದೆ ಯಾರೋ ಚಿತ್ರೀಕರಿಸಿದ ನಾಟಕವನ್ನು ಯೂಟ್ಯೂಬಿಗೆ ಹಾಕುವ ಮುಂಚೆ ನಟಿಯ ವಾರಸುದಾರರನ್ನೂ ಕೇಳಬೇಕು. ಕಾನೂನು ಒತ್ತಟ್ಟಿಗಿರಲಿ, ಕೇಳುವುದು ಮರ್ಯಾದೆ. ಮನೆಯವರು 'ಈ ಫೋಟೋ ಬೇಡ' ಎಂದರೆ ಬೇಡ, ಕಾರಣ ಕೇಳಬೇಡಿ.

5. ವಸ್ತುಪ್ರದರ್ಶನ

ಜಾಗ ಹುಡುಕುವಾಗ ರವೀಂದ್ರ ಕಲಾಕ್ಷೇತ್ರ, ಮೈಸೂರಿನ ಕಲಾಮಂದಿರ ಕಣ್ಣಿಗೆ ಬರುವುದು ಸಹಜ, ಇರಲಿ. ಆದರೆ ಕಂಪನಿ ನಾಟಕದ ಜನ ಇರುವುದು ಜಾತ್ರೆಯಲ್ಲಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ. ಉತ್ತರ ಕರ್ನಾಟಕದ ಕಲಾವಿದೆಯ ಪ್ರದರ್ಶನವಾದರೆ ಅಂಥ ಕಡೆ ಒಂದು ಸಣ್ಣ ಟೆಂಟ್ ಹಾಕಿ. ಕಲಾಕ್ಷೇತ್ರದ ಒಂದು ವಾರಕ್ಕಿಂತ ಅಲ್ಲಿನ ಒಂದು ರಾತ್ರಿ ಹೆಚ್ಚು ಫಲ ಕೊಡುತ್ತದೆ. ಮಡಚಿ ಸಾಗಿಸಲು ಬರುವ ಫಲಕಗಳನ್ನು ಮಾಡಿಸಿದರೆ ಎರಡೂ ಕಡೆಗೆ ಆಗುತ್ತದೆ.

ಗೋಡೆಗೆ ಮೂಲ ಫೋಟೋ ಹಾಕಬೇಡಿ, ಒಳ್ಳೆಯ ಪ್ರತಿ ಮುದ್ರಿಸಿ ಹಾಕಿ. ಮೂಲ ಇಡಲೇಬೇಕಾದರೆ ಗಾಜಿನ ಪೆಟ್ಟಿಗೆಯಲ್ಲಿ, ಬೆಳಕು 50 ಲಕ್ಸ್ ಮೀರದಂತೆ, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ಲಕ್ಸ್ ಅಳೆಯುವ ಆ್ಯಪ್ ಫೋನಿನಲ್ಲೇ ಸಿಗುತ್ತದೆ, ಅಂದಾಜಿಗೆ ಸಾಕು. ಜರಿ ಉಡುಪನ್ನು ಹ್ಯಾಂಗರಿಗೆ ನೇತುಹಾಕಿದರೆ ಭುಜ ಹರಿಯುತ್ತದೆ, ಮಲಗಿಸಿಡಿ ಇಲ್ಲವೇ ಬೊಂಬೆಗೆ ತೊಡಿಸಿ.

ಜೀವನಚರಿತ್ರೆಯನ್ನು ಹುಟ್ಟಿನಿಂದ ಸಾವಿನವರೆಗೆ ಗೋಡೆ ತುಂಬ ಬರೆದು ನಿಲ್ಲಿಸಿದರೆ ಯಾರೂ ಓದುವುದಿಲ್ಲ. ನಾಗರತ್ನಮ್ಮನವರದಾದರೆ ನಾನು ನಡುವೆ ಒಂದು ಗ್ರೀನ್ ರೂಮು ಕಟ್ಟುತ್ತೇನೆ: ಸುತ್ತ ಬಲ್ಬಿರುವ ಕನ್ನಡಿ, ಬಣ್ಣದ ಡಬ್ಬಿಗಳು, ಕ್ರೇಪ್ ಮೀಸೆ, ಕಿರೀಟ, ಭುಜಕೀರ್ತಿ. ಎದುರಿಗೆ ಸ್ಟೂಲು. ಬಂದ ಹುಡುಗಿ ಕೂತು, ಮೀಸೆಯನ್ನು ಮೂಗಿನ ಕೆಳಗೆ ಹಿಡಿದು ಕನ್ನಡಿ ನೋಡಿಕೊಳ್ಳಲಿ. ಪಕ್ಕದಲ್ಲಿ ಎತ್ತಿ ನೋಡಲು ಒಂದು ಗದೆ. ಕಿವಿಗೆ ಹೆಡ್‌ಫೋನ್, ಅದರಲ್ಲಿ ಎರಡನೇ ಹಂತದಲ್ಲಿ ದಾಖಲಿಸಿದ ದನಿಗಳು, ಒಂದೊಂದು ಎರಡು ನಿಮಿಷ ಮೀರದಂತೆ. ಕಿವಿ ಕೇಳದವರಿಗೆ ಅದೇ ಮಾತು ಅಚ್ಚಿನಲ್ಲಿ. ಫಲಕದ ಅಕ್ಷರ ದೊಡ್ಡದಿರಲಿ. ಈ ನಾಟಕಗಳನ್ನು ಕಣ್ಣಾರೆ ಕಂಡವರಿಗೆ ಈಗ ಕನ್ನಡಕ ಬೇಕು.

ಒಂದು ಗೋಡೆಯನ್ನು ಮಾತ್ರ ಖಾಲಿ ಉಳಿಸಿ. ಅಲ್ಲಿ ಗುರುತು ಸಿಗದ ಫೋಟೋಗಳನ್ನು ದೊಡ್ಡದಾಗಿ ಹಾಕಿ, ಮೇಲೆ 'ಇವರು ಯಾರು?' ಎಂದು ಬರೆದು, ಪೆನ್ನು, ಚೀಟಿ ಇಡಿ. ಜನ ಬರೆಯುತ್ತಾರೆ. 'ಎಡದಿಂದ ಮೂರನೆಯವರು ನಮ್ಮ ದೊಡ್ಡಮ್ಮ' ಎಂಬ ಒಂದು ಚೀಟಿ ಬಿದ್ದರೆ ನಿಮ್ಮ ಪಟ್ಟಿಗೆ ಒಂದು ಹೊಸ ಮನೆ ಸೇರುತ್ತದೆ.

6. ರಂಗದ ಮೇಲೆ

ಇಡೀ ನಾಟಕ ಬೇಡ. ಕಂಪನಿಯ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೆ ಓಡುತ್ತಿದ್ದದ್ದು. ಅದನ್ನು ಒಂದೂವರೆ ಗಂಟೆಗೆ ಕತ್ತರಿಸಿದರೆ ಹಾಡೂ ಉಳಿಯುವುದಿಲ್ಲ, ಕಥೆಯೂ ಉಳಿಯುವುದಿಲ್ಲ. ಆಕೆಯ ಹೆಸರಿಗೆ ಅಂಟಿಕೊಂಡ ಒಂದು ಪಾತ್ರ, ಅದರ ಒಂದು ದೃಶ್ಯ, ಇಪ್ಪತ್ತು ಇಪ್ಪತ್ತೈದು ನಿಮಿಷ. ಭೀಮನ ಪ್ರವೇಶ, ಒಂದು ಕಂದ, ಒಂದು ವಾಗ್ವಾದ, ಒಂದು ಹಾಡು. ಅಷ್ಟನ್ನು ಎಲ್ಲೂ ಮೊಟಕು ಮಾಡದೆ, ಆಗಿನ ಹಾಗೇ ಆಡಿ.

ಪಾತ್ರಕ್ಕೆ ಹುಡುಗಿಯರನ್ನೇ ತೆಗೆದುಕೊಳ್ಳಿ. ಸ್ತ್ರೀ ನಾಟಕ ಮಂಡಳಿಯ ಭೀಮನನ್ನು ಗಂಡಸು ಮಾಡಿದರೆ ನೆನಪು ಮಾಡಿಕೊಂಡದ್ದು ಯಾರನ್ನು? ಕನಿಷ್ಠ ಆರು ವಾರದ ತಾಲೀಮು ಬೇಕು. ವಾರಕ್ಕೆರಡು ದಿನ ಜೊತೆ ನಟಿಯರನ್ನು, ಮೇಷ್ಟ್ರನ್ನು ಗಾಡಿ ಕಳಿಸಿ ಕರೆತನ್ನಿ. ಅವರು ಕೂತಲ್ಲೇ ತಿದ್ದಲಿ. ಹೊಸಬರು ಗಂಡು ಪಾತ್ರ ಎಂದ ಕೂಡಲೇ ಗಂಟಲು ಬಿಗಿದು ದನಿ ದಪ್ಪ ಮಾಡಲು ಹೋಗುತ್ತಾರೆ, ಎರಡನೇ ಹಾಡಿಗೆ ಗಂಟಲು ಕಟ್ಟುತ್ತದೆ. ಹಿರಿಯರು ಹೇಳಿಕೊಡುವುದು ಬೇರೆ: ಪಾದದ ಅಂತರ, ಕುತ್ತಿಗೆ, ಸಾಲಿನ ಕೊನೆಯ ಅಕ್ಷರದ ಮೇಲೆ ಬೀಳುವ ಒತ್ತು. ಶ್ರುತಿ ಹುಡುಗಿಯದೇ ಇರುತ್ತದೆ, ಗತ್ತು ಭೀಮನದು. ಪ್ರತಿ ತಾಲೀಮನ್ನೂ ಒಂದು ಮೂಲೆಯಲ್ಲಿ ಕ್ಯಾಮೆರಾ ಇಟ್ಟು ದಾಖಲಿಸಿ. ಪ್ರಯೋಗದ ರಾತ್ರಿಯ ವಿಡಿಯೋಗಿಂತ ತಾಲೀಮಿನ ವಿಡಿಯೋದಲ್ಲೇ ವಿದ್ಯೆ ಹೆಚ್ಚು ಇರುತ್ತದೆ, ಯಾಕೆಂದರೆ ತಪ್ಪಿದ್ದೂ ತಿದ್ದಿದ್ದೂ ಅಲ್ಲಿದೆ.

ಸಂಗೀತಕ್ಕೆ ಟ್ರ್ಯಾಕ್ ಹಾಕಬೇಡಿ. ಹಾರ್ಮೋನಿಯಂ, ತಬಲಾ ರಂಗದ ಮುಂದೆ, ಜನಕ್ಕೆ ಕಾಣುವ ಹಾಗೆ ಕೂರಲಿ. ನಟಿ ಆಲಾಪ ಉದ್ದ ಮಾಡಿದರೆ ಮೇಷ್ಟ್ರು ಹಿಂಬಾಲಿಸಬೇಕು, ಪೆನ್ ಡ್ರೈವ್ ಹಿಂಬಾಲಿಸುವುದಿಲ್ಲ. ಎಲ್‌ಇಡಿ ಪರದೆಯ ಬದಲು ಬರೆದ ಪರದೆ ಬಾಡಿಗೆಗೆ ತನ್ನಿ, ಡ್ರಾಮಾ ಸೀನರಿಯವರು ಈಗಲೂ ಇದ್ದಾರೆ. ಜನ 'ಒನ್ಸ್ ಮೋರ್' ಎಂದರೆ ಹಾಡನ್ನು ಮತ್ತೆ ಹಾಡಲು ತಯಾರಿರಿ. ಅದು ಈ ರಂಗಭೂಮಿಯ ಪದ್ಧತಿ.

ಭಾಷಣ ಎರಡೇ, ತಲಾ ಐದು ನಿಮಿಷ. ಸನ್ಮಾನ ದಾಖಲಾತಿಗೆ ಕೂತ ಹಿರಿಯರಿಗೆ. ಹಾರಕ್ಕೆ ಬದಲು ಅವರದೇ ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ಕೊಡಿ. ರಾತ್ರಿ ಮನೆ ಮುಟ್ಟಿಸುವ ಗಾಡಿ ಮೊದಲೇ ಗೊತ್ತು ಮಾಡಿರಿ.

7. ಮುಗಿದ ಮೇಲೆ

ಕಾರ್ಯಕ್ರಮ ಮುಗಿದ ತಿಂಗಳೊಳಗೆ ಎಲ್ಲ ಫೈಲುಗಳ ಮೂರು ಪ್ರತಿ ಮಾಡಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್, ಒಂದು ಕ್ಲೌಡ್, ಅದರಲ್ಲಿ ಒಂದು ಡಿಸ್ಕ್ ಬೇರೆ ಊರಿನಲ್ಲಿರಲಿ. ಒಂದು ಪ್ರತಿಯನ್ನು ಸಾರ್ವಜನಿಕರು ಹೋಗಿ ನೋಡಬಹುದಾದ ಸಂಸ್ಥೆಗೆ ಕೊಡಿ. ಕೊಡುವಾಗ ಎಕ್ಸೆಲ್ ಪಟ್ಟಿ, ಒಪ್ಪಿಗೆ ಪತ್ರಗಳ ಪ್ರತಿ ಸೇರಿಸಿ ಸ್ವೀಕೃತಿ ಬರೆಸಿಕೊಳ್ಳಿ. 'ಇವರು ಯಾರು?' ಗೋಡೆಯ ಚೀಟಿಗಳನ್ನು ಎಸೆಯಬೇಡಿ, ಒಂದೊಂದನ್ನೂ ಪಟ್ಟಿಗೆ ಏರಿಸಿ. ಮಾತಾಡಿದ ಪ್ರತಿಯೊಬ್ಬರಿಗೂ ಅವರ ರೆಕಾರ್ಡಿಂಗನ್ನು ಪೆನ್ ಡ್ರೈವಿನಲ್ಲಿ ಹಾಕಿ, ನೀವೇ ಹೋಗಿ ಕೊಟ್ಟುಬನ್ನಿ. ಮೊಮ್ಮಕ್ಕಳನ್ನು ಕರೆದು ಟಿವಿಗೆ ಹಾಕಿ ತೋರಿಸಿ. ಹೋಗುವಾಗ ರೆಕಾರ್ಡರ್ ಚೀಲದಲ್ಲೇ ಇರಲಿ, ತಮ್ಮ ಮಾತು ತಾವೇ ಕೇಳಿದ ಮೇಲೆ 'ಅಯ್ಯೋ, ಇದೊಂದು ಹೇಳೋದೇ ಮರೆತಿದ್ದೆ' ಎಂದು ಶುರುಮಾಡುವವರೇ ಹೆಚ್ಚು.